ರಾಣಿಯ ನಾಟಕಕ್ಕೆ ನಾನು ಕಳಿಸಿದ ಲಿಂಕ್

ನೇರ ಪ್ರಸಾರದ ಲಿಂಕ್ ಹಂಚುವುದರಲ್ಲಿ ನನ್ನನ್ನು ಮೀರಿಸುವವರು ಮುಂಬಯಿಯ ಇಡೀ ಮುಲುಂಡ್‌ನಲ್ಲೇ ಇಲ್ಲ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ಕ್ರಿಕೆಟ್ ಪಂದ್ಯ ನಡೆಯಲಿ, ರಾಕೆಟ್ ಹಾರಲಿ, ಬಜೆಟ್ ಮಂಡನೆಯಾಗಲಿ, ಮೊದಲ ಲಿಂಕ್ ನನ್ನದೇ. ಬಿಲ್ಡಿಂಗ್ ಗ್ರೂಪು, ಆಫೀಸಿನ ಗ್ರೂಪು, ಬೆಳಗಿನ ಲೋಕಲ್ ರೈಲಿನ ಗೆಳೆಯರ ಗ್ರೂಪು, ಹೆಂಡತಿಯ ತವರಿನ ಗ್ರೂಪು, ಎಲ್ಲ ಕಡೆಗೂ ಒಂದೇ ಏಟಿಗೆ ಹೋಗುತ್ತಿತ್ತು.

"ಕಳಸಿದ್ದರಾಗ ಒಂದರೆ ನೀವು ನೋಡೀರೇನ್ರೀ?" ಎಂದು ಹೆಂಡತಿ ಸುಮಂಗಲಾ ಒಮ್ಮೆ ಕೇಳಿದ್ದಳು.

"ನಾ ನೋಡ್ಕೋತ ಕುಂತ್ರ ಕಳಸಾವ್ರು ಯಾರು?" ಎಂದಿದ್ದೆ.

ಹೀಗಿರುವಾಗ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವ ಬಂತು. ಸುಮಂಗಲಾಗೆ ನಾಟಕದಲ್ಲಿ ರಾಣಿಯ ಪಾತ್ರ. ಕಾಲೇಜು ಬಿಟ್ಟ ಮೇಲೆ ಅವಳು ಬಣ್ಣ ಹಚ್ಚುತ್ತಿದ್ದುದು ಇದೇ ಮೊದಲು. ಮಗಳ ಪರೀಕ್ಷೆ, ನನ್ನ ಡಬ್ಬಿ, ನೀರಿನ ಟೈಮು, ಇವುಗಳ ನಡುವೆಯೇ ಮಾತು ಬಾಯಿಪಾಠ ಮಾಡಿದಳು. ರಾಜ್ಯ ಕಳೆದುಕೊಂಡ ರಾಣಿ ಕೊನೆಯಲ್ಲಿ ಒಬ್ಬಳೇ ಮಂಡಿಯೂರಿ ಗೋಳಿಡುವ ದೃಶ್ಯವೊಂದಿತ್ತು. ಚಪಾತಿ ಲಟ್ಟಿಸುತ್ತ ಅವಳು ಆ ಮಾತು ಹೇಳಿದರೂ ನಾನು ಲಿಂಕ್ ಹಂಚುವುದನ್ನೂ ಬಿಟ್ಟು ಕೇಳುತ್ತಿದ್ದೆ.

"ಧಾರವಾಡದಾಗ ಅವ್ವ ಕುಂತು ನೋಡಬೇಕ್ರೀ. ಮೊಣಕಾಲಿನ ಸಲುವಾಗಿ ಇಲ್ಲಿಗೆ ಬರಾಕ ಆಗೂದಿಲ್ಲ ಆಕಿಗೆ. ಇಷ್ಟ ನನ್ನ ಆಸೆ."

"ಚಿಂತಿ ಬಿಡು. ಲಿಂಕ್ ನನ್ನ ಕಡೆ ಐತಿ!"

ಸಂಘದ ಕಾರ್ಯದರ್ಶಿ ಶೆಟ್ಟರು ನನ್ನ ಖ್ಯಾತಿಗೆ ಮನಸೋತು ಲ್ಯಾಪ್‌ಟಾಪನ್ನೂ ನನಗೇ ವಹಿಸಿದರು. "ಎರಡು ಲಿಂಕ್ ಉಂಟು ಮಾರಾಯ್ರೆ. ಒಂದು ಜನರಿಗೆ ನೋಡ್ಲಿಕ್ಕೆ. ಇನ್ನೊಂದು ಮುಖ್ಯ ಅತಿಥಿಗಳಿಗೆ ಮಾತ್ರ. ಅವರು ಮಂಗಳೂರಲ್ಲೇ ಕೂತು ನಾಟಕ ನೋಡಿ ಕೊನೆಗೆ ಮಾತಾಡುದು. ಅದರಲ್ಲಿ ನೀವು ಒಳಗೆ ಬಿಟ್ಟವರ ಮುಖ ಸೀದಾ ಸ್ಟೇಜಿನ ಪರದೆ ಮೇಲೆ ಬರ್ತದೆ. ಅದಲು ಬದಲು ಮಾಡ್ಬೇಡಿ, ಆಯ್ತಾ?"

ಮೀನಿಗೆ ಈಜು ಕಲಿಸಲು ಬಂದವರನ್ನು ನೋಡಿದಂತೆ ನಕ್ಕೆ.

ಅಂದು ಸಂಜೆ ಸಭಾಂಗಣ ತುಂಬಿತ್ತು. ವೇದಿಕೆಯ ಹಿಂದಿನ ದೊಡ್ಡ ಪರದೆಗೆ ಲ್ಯಾಪ್‌ಟಾಪಿನಿಂದ ಅರಮನೆಯ ಚಿತ್ರ ಬಿಟ್ಟೆ. "ಸುಮಂಗಲಾಳ ಅಮೋಘ ಅಭಿನಯ" ಎಂದು ಬರೆದು ಎಲ್ಲ ಗ್ರೂಪಿಗೂ ಲಿಂಕ್ ಒಗೆದು, ಶಿಸ್ತಿನ ಸಭಿಕನಂತೆ ಫೋನನ್ನು ಸೈಲೆಂಟಿಗೆ ಹಾಕಿದೆ. ಕೊನೆಯ ದೃಶ್ಯಕ್ಕೆ ಮುಂಚಿನ ವಿರಾಮದಲ್ಲಿ ತೆಗೆದು ನೋಡಿದರೆ ಅತ್ತೆಯವರ ಮಿಸ್ಡ್ ಕಾಲುಗಳ ಸಾಲು! ಗಾಬರಿಯಿಂದ ಫೋನ್ ಮಾಡಿದೆ.

"ಅಳಿಯಾರ, ಆವಾಗಿಂದ ನೋಡಾಕತ್ತೀನಿ, ಯಾರೋ ಒಬ್ಬಾಂವ ಗೊರಕಿ ಹೆಂಗ ಬಿಡಸೂದು ಅಂತ ಹೇಳಾಕತ್ತಾನ. ನಮ್ಮ ಸುಮಾ ಯಾವಾಗ ಬರ್ತಾಳ?"

ಅದು ನಾನು ನನಗಾಗಿಯೇ ಬೆಳಿಗ್ಗೆ ಹುಡುಕಿಟ್ಟುಕೊಂಡಿದ್ದ ವಿಡಿಯೋ. ನಾಟಕದ ಲಿಂಕನ್ನು ಕಾಪಿ ಮಾಡಲು ಮರೆತು, ಫೋನಿನಲ್ಲಿ ಮೊದಲೇ ಕೂತಿದ್ದುದನ್ನೇ ಕಳಿಸಿದ್ದೆ! ಆಫೀಸಿನ ಗ್ರೂಪಿನಲ್ಲಿ ಸಾಹೇಬರು ಆಗಲೇ ಹೆಬ್ಬೆರಳು ಎತ್ತಿದ್ದರು. ನೆಂಟರೊಬ್ಬರು "ಅಭಿನಯ ಬಹಳ ಸಹಜವಾಗಿದೆ" ಎಂದು ಬರೆದೂ ಆಗಿತ್ತು.

ಉಳಿದದ್ದು ಒಂದೇ ದೃಶ್ಯ. ಅದನ್ನಾದರೂ ಅತ್ತೆ ನೋಡಬೇಕು. ಅವಸರದಲ್ಲಿ ಶೆಟ್ಟರು ಕಳಿಸಿದ್ದ ಎರಡು ಲಿಂಕುಗಳಲ್ಲಿ ಒಂದನ್ನು ಹಿಡಿದು ಎಲ್ಲರಿಗೂ ದೂಡಿದೆ. "ಇದೇ ಸರಿಯಾದದ್ದು, ಬೇಗ ಬನ್ನಿ" ಎಂದೂ ಸೇರಿಸಿದೆ.

ಬಂದರು.

ಸುಮಂಗಲಾ ವೇದಿಕೆಗೆ ಬಂದು ಮಂಡಿಯೂರಿದ್ದಳು. ಪರದೆಯ ಮೇಲಿನ ಅರಮನೆಯ ಮೂಲೆಯಲ್ಲಿ ಚೀಟಿಯೊಂದು ಮೂಡಿತು: ಯಾರೋ ಒಳಗೆ ಬರಲು ಕಾಯುತ್ತಿದ್ದಾರೆ. ಅದರ ಮೇಲೆ ಇನ್ನೊಂದು, ಮತ್ತೊಂದು. ನೋಡನೋಡುತ್ತ ಗೋಪುರವೇ ಮುಚ್ಚಿಹೋಯಿತು. ಅವನ್ನು ತೊಲಗಿಸಲೆಂದು ಅಲ್ಲೇ ಕಂಡ ಗುಂಡಿ ಒತ್ತಿದೆ. ಎಲ್ಲರನ್ನೂ ಒಳಗೆ ಬಿಡುವ ಗುಂಡಿಯಂತೆ ಅದು!

ನಾನು ದೂಡಿದ್ದು ಅತಿಥಿಗಳ ಲಿಂಕು! ಅರಮನೆ ಮಾಯವಾಯಿತು. ಅದರ ಜಾಗದಲ್ಲಿ ಸಾಲುಸಾಲಾಗಿ ಮುಖಗಳು. ಕುರ್ಲಾದ ನಮ್ಮ ಕಾಕಾ ಬನಿಯನ್ನಿನಲ್ಲಿ ಕೂತು ಅನ್ನ ಸಾರು ಕಲಸುತ್ತಿದ್ದರು. ಪವಾಯಿಯಲ್ಲಿರುವ ಆಫೀಸಿನ ಸಾಹೇಬರ ಮೂಗಿನ ಹೊಳ್ಳೆ ಮಾತ್ರ ಕಾಣುತ್ತಿತ್ತು. ಒಂದು ಮೂಲೆಯಲ್ಲಿ ಶಾಲು ಹೊದ್ದ ಮುಖ್ಯ ಅತಿಥಿಗಳು ಸಂತೆಯಲ್ಲಿ ತಪ್ಪಿಸಿಕೊಂಡವರಂತೆ ಕಣ್ಣು ಬಿಡುತ್ತಿದ್ದರು. ನಡುವೆ ಅತ್ತೆಯವರ ಹಣೆ ಮತ್ತು ಕುಂಕುಮ.

ಬೆನ್ನ ಹಿಂದಿನ ಈ ಪರಿವಾರ ಸುಮಂಗಲಾಗೆ ಕಾಣಲಿಲ್ಲ. ಅವಳು ಕೈಯೆತ್ತಿ, ನಿಜವಾಗಿಯೂ ಕಣ್ಣೀರಿಡುತ್ತ ಕೇಳಿದಳು: "ಈ ಲೋಕದಲ್ಲಿ ನನ್ನವರೆಂಬುವರು ಒಬ್ಬರೂ ಇಲ್ಲವೇ?"

"ಯಾಕ ಅಳ್ತೀಯವ್ವಾ? ನಾವೆಲ್ಲಾ ಅದೀವಲ್ಲ!" ಎಂದರು ಅತ್ತೆ.

ಸಭಾಂಗಣ ಹೋ ಎಂದು ನಕ್ಕಿತು. "ಬಂದ್ ಮಾಡಿ ಮಾರಾಯ್ರೆ, ಬಂದ್ ಮಾಡಿ!" ಎಂದು ಶೆಟ್ಟರು ಪಂಚೆ ಎತ್ತಿಕೊಂಡು ಓಡಿ ಬಂದರು. ನಾನು ಧ್ವನಿ ಅಡಗಿಸಲು ಹೋಗಿ ಏರಿಸಿಬಿಟ್ಟೆ.

"ಅಳಿಯಾರು ಏನರೆ ಅಂದ್ರೇನು?" ಎಂಬ ಅತ್ತೆಯ ಪ್ರಶ್ನೆ ಬಾಲ್ಕನಿಯ ಕೊನೆಯ ಸಾಲಿಗೂ ತಲುಪಿತು.

ಸುಮಂಗಲಾ ತಿರುಗಿ ನೋಡಿದಳು. ಇಷ್ಟು ದಿನದ ಅವಳ ಶ್ರಮವನ್ನು ಒಂದು ಗುಂಡಿಯಿಂದ ಹೂತುಹಾಕಿದ್ದೆ. ಅವಳು ಎದ್ದಳು, ಸೆರಗು ಸರಿಮಾಡಿಕೊಂಡಳು, ಪರದೆಗೆ ಕೈಮುಗಿದಳು.

"ತಾಯೇ, ನೀವೇ ಬಂದ ಮೇಲೆ ಈ ಮಗಳಿಗೆ ಇನ್ನಾವ ರಾಜ್ಯ ಬೇಕು? ನಿಮ್ಮ ಅಳಿಯನನ್ನು ಅರಮನೆಗೆ ಹೋದ ಮೇಲೆ ವಿಚಾರಿಸಿಕೊಳ್ಳುತ್ತೇನೆ!"

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಬಣ್ಣದ ಕೋಣೆಯಲ್ಲಿ ಅವಳು ಕಾಡಿಗೆ ಒರೆಸಿಕೊಳ್ಳುತ್ತಿದ್ದಳು. ಆಮೇಲೆ ಮೆಲ್ಲಗೆ, "ಅವ್ವ ನೋಡಿದ್ಲೋ ಇಲ್ಲೋ?" ಎಂದಳು.

"ನೋಡಿದ್ರು. ಪಾತ್ರಾನೂ ಮಾಡಿದ್ರು."

ಅವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕೈ ಚಾಚಿ ನನ್ನ ಫೋನ್ ಕಿತ್ತುಕೊಂಡಳು. ಅಷ್ಟರಲ್ಲಿ ಮಗಳು ಒಳಗೆ ಬಂದು, "ಪಪ್ಪಾ, ಸಾರಿ. ನಾನು ಸ್ಟೇಜ್ ರೆಕಾರ್ಡ್ ಮಾಡ್ಲಿಲ್ಲ, ನಿಮ್ಮನ್ನೇ ಮಾಡಿ ನೆಟ್‌ಗೆ ಹಾಕ್ದೆ. ಕ್ಯಾ ಫೇಸ್ ಥಾ, ಎಂಥಾ ಮುಖ!" ಎಂದಳು.

ಮರುದಿನ ಫೋನಿಲ್ಲದೆಯೇ ಲೋಕಲ್ ಹತ್ತಿದೆ. ಎದುರಿಗೆ ಕುಳಿತವನೊಬ್ಬ ನನ್ನನ್ನೂ ತನ್ನ ಮೊಬೈಲನ್ನೂ ಸರದಿಯಲ್ಲಿ ನೋಡಿ, "ಆಪ್ ವೋ ದಾಮಾದ್ ಹೈ ನಾ?" ಎಂದು ಕೇಳಿದ. ಹೌದು, ಆ ಅಳಿಯ ನಾನೇ ಎಂದು ತಲೆಯಾಡಿಸಿದೆ. ಬಲು ಸಂತೋಷದಿಂದ ನನಗೂ ಲಿಂಕ್ ಕಳಿಸುವೆನೆಂದು ನಂಬರ್ ಪಡೆದುಕೊಂಡ. ಸಂಜೆ ಮನೆಗೆ ಬಂದು ಸುಮಂಗಲಾಳ ಅಪ್ಪಣೆ ಪಡೆದು ಮಗಳು ಮಾಡಿದ ನನ್ನ ಮುಖದ ಆ ವಿಡಿಯೋವನ್ನು ತೆರೆದು ನೋಡಿದೆ.

ಮೊದಲ ಸಲಕ್ಕೇ ಸರಿಯಾಗಿ ತೆರೆಯಿತು!