ಅರ್ಧ ನನ್ನದು, ಅರ್ಧ ಅವಳದು

ಐವತ್ತು ತುಂಬುವಷ್ಟರಲ್ಲಿ ನಾನು ಯಾರ ಹಂಗೂ ಇಲ್ಲದ ಮನುಷ್ಯನಾಗಿಬಿಡಬೇಕು! ಮೇಲಧಿಕಾರಿಯ ಮೇಜಿನ ಮೇಲೆ ರಾಜೀನಾಮೆ ಬಿಸಾಕಿ, ಬೆಳಿಗ್ಗೆ ಹತ್ತು ಗಂಟೆಗೂ ಬನಿಯನ್ನಿನಲ್ಲೇ ಕೂತು ಕಾಫಿ ಹೀರಬೇಕು! ಕಳೆದ ವರ್ಷ ನಾನು ಮಾಡಿದ ಘನ ಸಂಕಲ್ಪವಿದು. ಅಡುಗೆಮನೆಯ ಕತ್ತರಿ ತಂದು ನನ್ನ ಕ್ರೆಡಿಟ್ ಕಾರ್ಡುಗಳನ್ನು ಹೆಂಡತಿ, ಮಗಳ ಕಣ್ಣೆದುರೇ ಚೂರುಚೂರು ಮಾಡಿದೆ. ನಾನು ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ಮನೆಯಲ್ಲಿ ಕತ್ತರಿಸಿದ್ದು ಸಾಲದೆಂದು ಊಟದ ಬಿಡುವಿನಲ್ಲಿ ಸಹೋದ್ಯೋಗಿಗಳಿಗೆ ಪ್ರವಚನವನ್ನೂ ಶುರುಮಾಡಿದೆ. "ಅರ್ಜೆಂಟ್ ಅಂತ ಯಾರು ಕೈ ಚಾಚಿದ್ರೂ ಕೊಡಬೇಡಿ! ಅಣ್ಣನೇ ಬಂದ್ರೂ ಅಷ್ಟೇ!"

ಆದರೆ ನನ್ನ ಬುದ್ಧಿಯ ಶಿಖರ ಯಾವುದೆಂದರೆ ನಮ್ಮ ಜಂಟಿ ಖಾತೆ.

"ನೋಡು, ಮನೆಖರ್ಚು ಕಳೆದು ಉಳಿದಿದ್ದೆಲ್ಲ ಇದರೊಳಗೆ. ಪಾಸ್‌ವರ್ಡಿನ ಮೊದಲರ್ಧ ನಾನು ಒತ್ತುತ್ತೀನಿ, ನೀನು ಗೋಡೆ ಕಡೆ ತಿರುಗು. ಕೊನೆಯರ್ಧ ನೀನು ಒತ್ತು, ನಾನು ತಿರುಗ್ತೀನಿ. ಒಬ್ಬರ ಅರ್ಧ ಇನ್ನೊಬ್ಬರಿಗೆ ಗೊತ್ತಾಗ್ಬಾರದು!"

"ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ?" ಎಂದಳು ಹೆಂಡತಿ.

"ನಿನ್ನ ಮೇಲಿದೆ. ಅಂಗಡಿಗೆ ಹೊಕ್ಕ ನಿನ್ನ ಕೈ ಮೇಲಿಲ್ಲ."

ಅವಳು ಗೋಡೆಯ ಕಡೆ ತಿರುಗಿದಳು. ಖಾತೆ ಬೆಳೆಯತೊಡಗಿತು. ನಡುವೆ ಒಮ್ಮೆ, ನಕ್ಷತ್ರ ನೋಡುವ ದೂರದರ್ಶಕವೊಂದು ಅರ್ಧ ಬೆಲೆಗೆ ಸಿಗುತ್ತದೆಂದು ಅವಳ ಅರ್ಧಕ್ಕಾಗಿ ಎರಡು ವಾರ ಗೋಗರೆದೆ. ಜಪ್ಪಯ್ಯ ಅಂದರೂ ಅವಳು ಬಗ್ಗಲಿಲ್ಲ. ನನ್ನ ಯೋಜನೆ ಎಷ್ಟು ಭದ್ರವಾಗಿದೆ ಎಂದು ನಾನೇ ಬೀಗಿದೆ!

ಮೊನ್ನೆ ಮಧ್ಯಾಹ್ನ ಕಚೇರಿಗೆ ಮಗಳ ಫೋನು ಬಂತು. "ಅಪ್ಪಾ, ವಿಮಾನ ರಿಪೇರಿ ಕೋರ್ಸಲ್ಲಿ ಯಾರೋ ಬಿಟ್ಟುಹೋದ್ರಂತೆ, ನನಗೆ ಸೀಟು ಸಿಕ್ತು! ಸಾಯಂಕಾಲ ಐದರೊಳಗೆ ಫೀಸು ಕಟ್ಬೇಕು. ಇಲ್ಲಾಂದ್ರೆ ನನ್ನ ಹಿಂದಿರೋರಿಗೆ ಹೋಗತ್ತೆ."

ಮನೆಯ ಮಿಕ್ಸಿಯನ್ನು ಬಿಚ್ಚಿ ಜೋಡಿಸುತ್ತಲೇ ಬೆಳೆದ ಹುಡುಗಿ. ಎರಡು ವರ್ಷ ಇದಕ್ಕೆಂದೇ ಓದಿದ್ದಳು. "ಅದೇನು ಮಹಾ, ಈಗಲೇ ಕಟ್ತೀನಿ!" ಎಂದು ಗತ್ತಿನಿಂದ ಫೋನಿಟ್ಟೆ. ಇಟ್ಟ ಮೇಲೆ ಅವಳಮ್ಮನ ಅರ್ಧ ನೆನಪಾಯಿತು. ಹೆಂಡತಿ ಶಾಲೆಯ ಟೀಚರು. ಅವತ್ತು ಯಾವುದೋ ಇಲಾಖಾ ಪರೀಕ್ಷೆಗೆ ಮೇಲ್ವಿಚಾರಕಿಯಾಗಿ ಹೋಗಿದ್ದಳು. ಐದು ಗಂಟೆಯವರೆಗೆ ಅವಳ ಮೊಬೈಲು ಪರೀಕ್ಷಾ ಕೇಂದ್ರದ ಬೀರುವಿನಲ್ಲಿ!

ಪಕ್ಕದ ಮೇಜಿನ ಲೆಕ್ಕಿಗನ ಮುಂದೆ ಹಲ್ಲುಗಿಂಜಿದೆ. "ಸ್ವಲ್ಪ ಅರ್ಜೆಂಟು..."

"ಅಣ್ಣನೇ ಬಂದ್ರೂ ಕೊಡಬಾರದು ಅಂದೋರು ನೀವೇ ಅಲ್ವಾ ಸಾರ್?" ಎಂದು ಆತ ಭಕ್ತಿಯಿಂದ ಕೈಮುಗಿದ.

ಆಟೋ ಹಿಡಿದು ಪರೀಕ್ಷಾ ಕೇಂದ್ರಕ್ಕೆ ಓಡಿದೆ. ಕಾವಲುಗಾರ ಒಳಗೆ ಬಿಡಲಿಲ್ಲ. ಕಾಂಪೌಂಡಿನ ಹಿಂದೆ ಸುತ್ತಿ ಹೋದೆ. ನೆಲಮಹಡಿಯ ಕಿಟಕಿಯಲ್ಲಿ ನನ್ನ ಹೆಂಡತಿ ಕಂಡಳು! ಕೈಬೀಸಿದೆ. ನೋಡಿಯೂ ನೋಡದವಳಂತೆ ಮುಖ ತಿರುಗಿಸಿದಳು. ಬೀಗ ತಿರುಗಿಸುವಂತೆ ಅಭಿನಯಿಸಿದೆ. ಎರಡು ಬೆರಳೆತ್ತಿ ಎರಡು ಅರ್ಧಗಳೆಂದೆ. ಕಿಟಕಿ ಪಕ್ಕ ಕೂತಿದ್ದ ದಪ್ಪ ಮೀಸೆಯ ಅಭ್ಯರ್ಥಿ ನನ್ನನ್ನೇ ನೋಡಿ ಕೃತಜ್ಞತೆಯಿಂದ ತಲೆಯಾಡಿಸಿದ. ಎರಡನೆಯ ಉತ್ತರಕ್ಕೆ ಗುರುತು ಹಾಕಿದ! ನಾನು ಗಾಬರಿಯಾಗಿ, ಐದು ಗಂಟೆ ಎನ್ನಲು ಐದು ಬೆರಳೂ ಬಿಚ್ಚಿದೆ. ಇದ್ದದ್ದು ನಾಲ್ಕೇ ಉತ್ತರ. ಮೀಸೆ ಕಂಗಾಲಾಗಿ ಪ್ರಶ್ನೆಪತ್ರಿಕೆಯ ಹಿಂದೆ ಮುಂದೆ ಹುಡುಕತೊಡಗಿತು.

ಅಷ್ಟರಲ್ಲಿ ನನ್ನ ಕೊರಳಪಟ್ಟಿಗೆ ಯಾರದೋ ಕೈ ಬಿತ್ತು. ನಕಲು ಹಿಡಿಯುವ ಜಾಗೃತ ದಳ!

ಮುಖ್ಯ ಅಧೀಕ್ಷಕಿಯ ಕೋಣೆಯಲ್ಲಿ ನನ್ನನ್ನು ನಿಲ್ಲಿಸಿದರು. ಗೋಡೆಯ ಗಡಿಯಾರದಲ್ಲಿ ಐದಕ್ಕೆ ಕಾಲು ಗಂಟೆಯಿತ್ತು. ಕಿಟಕಿಯಲ್ಲಿದ್ದವಳು ನನ್ನ ಹೆಂಡತಿ ಎಂದು ನಾನು ಬಾಯಿಬಿಟ್ಟದ್ದೇ ತಡ, ಮೇಡಂ ಗುಡುಗಿದರು.

"ಎಷ್ಟು ತಗೊಂಡಿದೀರಿ ಆ ಅಭ್ಯರ್ಥಿ ಹತ್ರ? ಒಳಗಿರೋ ಮೇಲ್ವಿಚಾರಕಿ ನಿಮ್ಮ ಹೆಂಡ್ತಿನಾ? ಇಬ್ಬರೂ ಸೇರಿ ಈ ದಂಧೆನಾ?"

ಅವಳ ನೌಕರಿಯೂ ಹೋಗುತ್ತದೆಂದು ಆಗ ಹೊಳೆಯಿತು. ಸಂಕಲ್ಪ, ಖಾತೆ, ಅರ್ಧ, ಮಗಳು, ಮಿಕ್ಸಿ, ಎಲ್ಲ ಒಂದೇ ಉಸಿರಿಗೆ ಒದರಿದೆ. ಫೋನ್ ತೆರೆದು ಮಗಳು ಕಳಿಸಿದ್ದ ಸೀಟಿನ ಸಂದೇಶ ತೋರಿಸಿದೆ. ಮೇಡಂ ಓದಿದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇಂಥ ಸುಳ್ಳು ಹೊಸೆಯೋಕೆ ಬುದ್ಧಿ ಬೇಕು. ನಿಮ್ಮನ್ನ ನೋಡಿದ್ರೆ ನಿಜಾನೇ ಇರಬೇಕು," ಎಂದು ಪರೀಕ್ಷೆಯ ಕೋಣೆಗೆ ಬೇರೊಬ್ಬರನ್ನು ಕಳಿಸಿ ಹೆಂಡತಿಯನ್ನು ಕರೆಸಿದರು.

ಅವಳು ಬಂದು, ವಿಷಯ ಕೇಳಿ, ಫೋನಿಗೆ ಕೈಚಾಚಿದಳು.

"ಡ್ಯೂಟಿಲಿರೋರು ಮೊಬೈಲ್ ಮುಟ್ಟೋ ಹಾಗಿಲ್ಲ," ಎಂದರು ಮೇಡಂ. "ಬಾಯಲ್ಲಿ ಹೇಳಿ, ಅವರು ಒತ್ತಲಿ."

ಹೆಂಡತಿ ನೆಲ ನೋಡುತ್ತ, "ಬೇಡ ಅಂದ್ರೆ ಬೇಡ," ಎಂದಳು.

"ಹಟ ಮಾಡ್ಬೇಡ್ರೀ, ಮಗಳ ವಿಷಯ!" ಎಂದು ಮೇಡಂ ಗದರಿದರು.

"ಮೇಡಂ, ಅದೇ ನನ್ನ ಪಾಸ್‌ವರ್ಡು."

ಜಾಗೃತ ದಳದವರು ಕೆಮ್ಮಿದರು. ನಾನು ನನ್ನರ್ಧ ಒತ್ತಿ, ಅವಳ ಅರ್ಧ ಸೇರಿಸಿದೆ. ತಪ್ಪು! ಆಗಾಗ ಪಾಸ್‌ವರ್ಡು ಬದಲಿಸಬೇಕೆಂದು ಎಲ್ಲೋ ಓದಿ, ನನ್ನರ್ಧ ಬದಲಿಸಲು ಮತ್ತೆ ಮತ್ತೆ ಅವಳನ್ನು ಗೋಡೆಯ ಕಡೆ ತಿರುಗಿಸಿದ್ದೆನಲ್ಲ! ಈಗಿನದು 'ಸ್ವಾತಂತ್ರ್ಯ' ಅಲ್ಲ. 'ಶಿಸ್ತು' ಎಂದು ಒತ್ತಿದೆ. ಅದೂ ತಪ್ಪು! ಇನ್ನೊಂದೇ ಅವಕಾಶವೆಂದು ಪರದೆ ಕೆಂಪಗಾಯಿತು. ಗಡಿಯಾರದ ದೊಡ್ಡ ಮುಳ್ಳು ಹನ್ನೆರಡನ್ನು ಮುಟ್ಟಲು ಹವಣಿಸುತ್ತಿತ್ತು. ನನ್ನ ತಲೆ ಪೂರ್ತಿ ಖಾಲಿ. ಮಗಳಿಗೆ ಏನೆಂದು ಹೇಳಲಿ? ನಿಜ ಹೇಳುತ್ತೇನೆ, ಅಳು ಬಂದುಬಿಟ್ಟಿತು.

"ಮಹಾರಾಜ," ಎಂದಳು ಹೆಂಡತಿ.

"ಈಗ ಗೇಲಿ ಮಾಡ್ತೀಯಲ್ಲೇ!"

"ಅಯ್ಯೋ, ನಿಮ್ಮರ್ಧ ರೀ! ಒತ್ತಿ ಬೇಗ!"

ಒತ್ತಿದೆ. ಮಹಾರಾಜ, ಬೇಡ ಅಂದ್ರೆ ಬೇಡ. ಖಾತೆ ತೆರೆಯಿತು! ಫೀಸು ಹೋಯಿತು. ಹಣ ಸಂದಾಯವಾಗಿದೆ ಎಂಬ ಹಸಿರು ಗುರುತು ಬರುವುದಕ್ಕೂ ಪರೀಕ್ಷೆ ಮುಗಿದ ಗಂಟೆ ಹೊಡೆಯುವುದಕ್ಕೂ ಸರಿಹೋಯಿತು. ಮೇಡಂ ಕಡತದಿಂದ ಮುಖ ಮುಚ್ಚಿಕೊಂಡಿದ್ದರು. ಅವರ ಭುಜ ಮಾತ್ರ ಕುಲುಕುತ್ತಿತ್ತು.

ಗೇಟಿನ ಹೊರಗೆ ಬಂದ ಮೇಲೆ ಕೇಳಿದೆ. "ನನ್ನರ್ಧ ನಿನಗೆ ಹೇಗೆ ಗೊತ್ತಾಯ್ತು?"

"ಒತ್ತುವಾಗ ಒಂದೊಂದೇ ಅಕ್ಷರ ಬಾಯಿಬಿಟ್ಟು ಹೇಳ್ತೀರಿ. ಗೋಡೆ ಕಡೆ ತಿರುಗಿದ್ರೆ ಕಿವಿ ಮುಚ್ಚಿಹೋಗತ್ತಾ?"

"ಅಂದ್ರೆ ಮೊದಲನೇ ದಿನದಿಂದ ಇಡೀ ಪಾಸ್‌ವರ್ಡು ನಿನಗೆ ಗೊತ್ತಿತ್ತು! ಮತ್ತೆ ಒಂದು ಪೈಸೆನೂ ಯಾಕೆ ತೆಗೀಲಿಲ್ಲ?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

"ಉಳಿಸೋಣ ಅಂತ ತಾನೇ ಇಟ್ಟಿದ್ದು? ಬೀಗ ಬೇಕಾಗಿದ್ದು ನಿಮ್ಮೊಬ್ಬರಿಗೇ."