ಅಟೊಬ್ರಾ ಎಂಬ ಮೆಕ್ಯಾನಿಕ್ಕು

ಬ್ರೇಕು ಒತ್ತಿದಾಗಲೆಲ್ಲ ದಾರ್ಕೊನ ಕಾರಿನ ಮುಂದಿನ ಎಡಚಕ್ರ ಕರ್‌ರ್ ಎಂದು ಹಲ್ಲು ಕಡಿಯತೊಡಗಿ ನಾಲ್ಕು ದಿನವಾಗಿತ್ತು. ಕುಮಾಸಿ ನಗರದಲ್ಲಿ ಗ್ಯಾರೇಜುಗಳಿಗೇನು ಬರವೇ? ಬುದ್ಧಿಯಿದ್ದವನಾದರೆ ಯಾವುದಾದರೊಂದಕ್ಕೆ ಹೋಗುತ್ತಿದ್ದ. ದಾರ್ಕೊ ಹೋಗಲಿಲ್ಲ. ಭೂದಾಖಲೆ ಕಚೇರಿಯಲ್ಲಿ ಹತ್ತೊಂಬತ್ತು ವರ್ಷ ಒಂದೇ ಮೊಹರನ್ನು ಒತ್ತಿ ಒತ್ತಿ, ಜಗತ್ತಿನಲ್ಲಿ ತನಗೆ ಬಾರದ ಕೆಲಸವೇ ಇಲ್ಲ ಎಂಬ ತೀರ್ಮಾನಕ್ಕೆ ಅವನು ಬಂದಿದ್ದ.

“ಮೆಕ್ಯಾನಿಕ್ಕುಗಳೆಲ್ಲ ಕಳ್ಳರು ಕಣೇ. ಒಂದು ಚಕ್ರ ತೋರ್ಸಿದ್ರೆ ನಾಲ್ಕೂ ಬಿಚ್ತಾರೆ,” ಎಂದ ಹೆಂಡತಿ ಸೆರ್ವಾಗೆ. “ಫೋನಲ್ಲಿ ವಿಡಿಯೊ ನೋಡಿದೀನಿ. ಹನ್ನೊಂದು ನಿಮಿಷದ ಕೆಲಸ.”

“ನಲ್ಲೀನೂ ವಿಡಿಯೊ ನೋಡೇ ರಿಪೇರಿ ಮಾಡಿದ್ರಿ. ಎರಡು ದಿನ ಅಡುಗೆಮನೇಲಿ ದೋಣಿ ಬಿಡೋ ಹಾಗಿತ್ತು.”

ದಾರ್ಕೊನ ಅವಸರಕ್ಕೆ ಕಾರಣವಿತ್ತು. ಆ ಶನಿವಾರ ಮಾಂಪೊಂಗ್‌ನಲ್ಲಿ ನೆಂಟರೊಬ್ಬರ ಶವಸಂಸ್ಕಾರ. ಸೋದರಮಾವ ಯಾಡೊಮ್ ಈ ಸಲ ನಿನ್ನ ಕಾರಲ್ಲೇ ಬರುತ್ತೇನೆ ಎಂದಿದ್ದ. ಅಳಿಯಕಟ್ಟಿನ ಮನೆತನ, ಆಸ್ತಿಯೆಲ್ಲ ಸೋದರಳಿಯನಿಗೇ. ಮುದುಕನ ಕೋಕೋ ತೋಟ ಇಬ್ಬರು ಅಳಿಯಂದಿರಲ್ಲಿ ಯಾರಿಗೆ ಎಂಬುದು ಇನ್ನೂ ಗೊತ್ತಾಗಿರಲಿಲ್ಲ. ಆ ದಾರಿಯಲ್ಲಿ ಬೆಟ್ಟದ ಇಳಿಜಾರು ಬೇರೆ. ಅಲ್ಲಿ ಬ್ರೇಕು ಕೈಕೊಟ್ಟರೆ ತೋಟವೂ ಇಲ್ಲ, ಮಾವನೂ ಇಲ್ಲ.

ಶುಕ್ರವಾರ ಕಚೇರಿಗೆ ಜ್ವರ ಎಂದು ಹೇಳಿ, ದಾರ್ಕೊ ಗೇಟು ಮುಚ್ಚಿ ಜಾಕಿ ಏರಿಸಿದ. ಚಕ್ರ ಬಿಚ್ಚುವಷ್ಟರಲ್ಲಿ ಎರಡು ಬೆರಳು ಜಜ್ಜಿಕೊಂಡ. ಹಳೆಯ ಬ್ರೇಕ್ ಪ್ಯಾಡುಗಳು ಸವೆದು ಬರೀ ಕಬ್ಬಿಣ ಉಳಿದಿತ್ತು. ಇಲ್ಲಿಯವರೆಗಿನ ರೋಗಪರೀಕ್ಷೆ ಸರಿಯೇ. ಹೊಸ ಪ್ಯಾಡು ತಂದ. ಅದರ ಒಂದು ಬದಿ ನುಣುಪಾದ ಕಬ್ಬಿಣ, ಇನ್ನೊಂದು ಬದಿ ಒರಟಾದ ಕಪ್ಪು ಪದರ. ಚಕ್ರದ ಜೊತೆ ತಿರುಗುವ ಡಿಸ್ಕಿನ ಕಡೆಗೆ ಯಾವುದು? ವಿಡಿಯೊದ ಆ ಭಾಗ ಬರುವಾಗ ಅವನು ನಿದ್ದೆ ಹೋಗಿದ್ದ.

“ಕಬ್ಬಿಣ ಗಟ್ಟಿ. ಗಟ್ಟಿ ಇರೋದೇ ಹಿಡೀಬೇಕು,” ಎಂದು ಕಬ್ಬಿಣವನ್ನು ಡಿಸ್ಕಿಗೆ ತಾಗಿಸಿ ಕೂರಿಸಿದ.

“ಹಳೇದು ಹಂಗೇ ಇತ್ತಾ?” ಎಂದಳು ಸೆರ್ವಾ.

“ಅದು ಹಿಂದುಮುಂದು ಇತ್ತು. ಅದಕ್ಕೇ ಹಾಳಾಯ್ತು.”

ಹನ್ನೊಂದು ನಿಮಿಷದ ಕೆಲಸಕ್ಕೆ ನಾಲ್ಕು ಗಂಟೆ ಹಿಡಿಯಿತು. ದಾರ್ಕೊ ಎದೆ ಉಬ್ಬಿಸಿ ಕಾರನ್ನು ಬೀದಿಗೆ ತಂದ. ತಿರುವಿನಲ್ಲಿ ಫೊಸುವಾ ಅಕ್ಕ ಜೋಳದ ಹಿಟ್ಟಿನ ಕೆಂಕಿ ಮಾರುತ್ತಿದ್ದಳು. ಬ್ರೇಕು ಒತ್ತಿದ. ತಗಡಿನ ಮಾಡನ್ನು ಗರಗಸದಿಂದ ಕೊಯ್ದಂಥ ಸದ್ದು ಎದ್ದಿತು. ಕಾರು ಮಾತ್ರ ನಿಲ್ಲುವ ಮನಸ್ಸು ಮಾಡದೆ ನಿಧಾನವಾಗಿ ಜಾರಿ ಫೊಸುವಾಳ ಮೇಜನ್ನು ದೂಡಿತು. ಎಲೆಯಲ್ಲಿ ಸುತ್ತಿದ ಕೆಂಕಿ ಉಂಡೆಗಳು ಒಂದರ ಹಿಂದೊಂದು ಉರುಳಿ ಚರಂಡಿ ಸೇರಿದವು.

“ಕಣ್ಣು ಮನೇಲಿಟ್ಟು ಬಂದ್ಯಾ? ನನ್ ಮಧ್ಯಾಹ್ನದ ವ್ಯಾಪಾರ ಯಾರೋ ತುಂಬ್ಕೊಡೋರು?” ಎಂದು ಫೊಸುವಾ ಸೌಟು ಎತ್ತಿದಳು. ಬೀದಿಗೆ ಬೀದಿಯೇ ಸೇರಿತು. ಅದೇ ಹೊತ್ತಿಗೆ ಬಾಡಿಗೆ ವ್ಯಾನಿನಿಂದ ಶವಸಂಸ್ಕಾರಕ್ಕೆ ಉಡುವ ಕರಿಬಟ್ಟೆಯ ಗಂಟು ಹಿಡಿದು ಇಳಿದವನು ಯಾಡೊಮ್ ಮಾವ.

ನಿವೃತ್ತ ಲಾರಿ ಡ್ರೈವರ್ ಬಾದು ಯಾರೂ ಕರೆಯದೆಯೇ ಚಕ್ರ ಬಿಚ್ಚಿ, ಪ್ಯಾಡನ್ನು ಎತ್ತಿ ಎಲ್ಲರಿಗೂ ತೋರಿಸಿದ. “ಉಲ್ಟಾ ಹಾಕಿದಾರೆ ಸ್ವಾಮಿ! ಯಾವ ಕತ್ತೆ ಮಾಡಿದ್ದು ಇದನ್ನ?”

ಮಾವ ಅಳಿಯನ ಮುಖ ನೋಡಿದ. ಅಳಿಯ ಆಕಾಶ ನೋಡಿದ.

“ಒಬ್ಬ ಮೆಕ್ಯಾನಿಕ್ಕು ಮಾವಾ... ಅಟೊಬ್ರಾ ಅಂತ,” ಬಾಯಿಗೆ ಬಂದ ಹೆಸರು ಅದು.

“ಅವನಿಗೆ ತಲೇಲಿ ಮಿದುಳಿಲ್ಲ, ಕೆಂಕಿ ಇರೋದು!” ಎಂದಳು ಫೊಸುವಾ.

“ಶುದ್ಧ ಪೆದ್ದ,” ಎಂದ ಬಾದು.

“ಪೆದ್ದ ಅಂದ್ರೆ ಕಮ್ಮಿ ಆಯ್ತು, ಕಡುಮೂರ್ಖ. ನಾಚಿಕೆಯಿಲ್ಲದ ಜನ್ಮ,” ಎಂದು ದಾರ್ಕೊ ಎಲ್ಲರಿಗಿಂತ ಜೋರಾಗಿ ಬೈದ. ಗೇಟಿನ ಬಳಿ ನಿಂತಿದ್ದ ಸೆರ್ವಾ, “ಇನ್ನೂ ಸ್ವಲ್ಪ ಬೈರಿ, ಕೇಳಕ್ಕೆ ಹಿತವಾಗಿದೆ,” ಎಂದಳು.

ಬಾದು ಪ್ಯಾಡುಗಳನ್ನು ಸರಿಯಾಗಿ ತಿರುಗಿಸಿ ಹಾಕಿದ, ಸದ್ದು ಹೋಯಿತು. ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಆದರೆ ಮಾವ ಗುಡುಗಿದ: “ನಾಳೆ ಇಳಿಜಾರಲ್ಲಿ ನನ್ನ ಕೊಲ್ತಿದ್ದ! ಎಲ್ಲಿದಾನೆ ಅವನು? ಹಿಡ್ಕೊಂಬನ್ನಿ!” ಬಾದು ತನಗೆ ಗೊತ್ತಿದ್ದ ಗ್ಯಾರೇಜುಗಳಿಗೆಲ್ಲ ಫೋನು ಮಾಡಿದ. ಅಂಥ ಮನುಷ್ಯ ಭೂಮಿಯ ಮೇಲೇ ಇಲ್ಲವೆಂದು ದಾರ್ಕೊ ನೆಮ್ಮದಿಯಿಂದಿದ್ದ.

ಐದು ಗಂಟೆಗೆ ಟ್ಯಾಕ್ಸಿಯೊಂದರಿಂದ ಅಟೊಬ್ರಾ ಇಳಿದ. ನಲವತ್ತರ ಆಸುಪಾಸು, ಅಂಗಿಯ ತುಂಬ ಎಣ್ಣೆಯ ಕಲೆ. ದಾರ್ಕೊ ಮೆಲ್ಲಗೆ ಬಾದುವಿನ ಬೆನ್ನ ಹಿಂದೆ ಸರಿದ. ‘ಇವನ್ಯಾರೋ ನಾನರಿಯೆ’ ಎಂದು ಬಂದವನು ಒಂದು ಮಾತು ಹೇಳಿದರೆ ಮುಗಿಯಿತು.

“ನೀನೇನೋ ಇವನ ಕಾರಿಗೆ ಬ್ರೇಕು ಹಾಕಿದ್ದು?” ಎಂದು ಮಾವ ಗದರಿಸಿದ.

ಅಟೊಬ್ರಾ ಕಾರನ್ನು ನೋಡಿದ, ದಾರ್ಕೊನನ್ನು ನೋಡಿದ, ಕೈಮುಗಿದ. “ಹೌದು ಯಜಮಾನ್ರೇ, ನಾನೇ. ತಪ್ಪಾಯ್ತು.”

ದಾರ್ಕೊ ಬಾಯಿ ತೆರೆದವನು ಮುಚ್ಚಲಿಲ್ಲ.

“ಹಂಗಾದ್ರೆ ಬಲಗಡೆ ಚಕ್ರಕ್ಕೂ ಹೊಸ ಪ್ಯಾಡು ನೀನೇ ಹಾಕು,” ಎಂದು ಬಾದು ತೀರ್ಪು ಕೊಟ್ಟ. “ಬದಲಾಯಿಸೋದಾದ್ರೆ ಎರಡೂ ಕಡೆ ಒಟ್ಟಿಗೇ ಬದಲಾಯಿಸ್ಬೇಕು. ಈ ಸಲ ಉಲ್ಟಾ ಹಾಕಿದ್ರೆ ಚರ್ಮ ಸುಲೀತೀನಿ.” ಜನ ಚಪ್ಪಾಳೆ ತಟ್ಟಿದರು. ಮಾವನೂ ಬಾದುವೂ ಸೆರ್ವಾಳ ಫುಫು ಮುದ್ದೆ ಉಣ್ಣಲು ಒಳಗೆ ಹೋದರು.

ಅಂಗಳದಲ್ಲಿ ಇಬ್ಬರೇ ಉಳಿದಾಗ ದಾರ್ಕೊ ಪಿಸುಗುಟ್ಟಿದ: “ಯಾಕಯ್ಯಾ ಒಪ್ಕೊಂಡೆ?”

ಅಟೊಬ್ರಾನ ಕಣ್ಣಲ್ಲಿ ನೀರಾಡಿತು. “ಅಣ್ಣಾ, ನಿಮ್ಮ ಹೊಟ್ಟೆ ತಣ್ಣಗಿರ್ಲಿ. ಹನ್ನೆರಡು ವರ್ಷದಿಂದ ಗ್ಯಾರೇಜು ಗುಡಿಸ್ತಿದೀನಿ. ಒಬ್ರೂ ಒಂದು ಸ್ಪ್ಯಾನರು ಮುಟ್ಟಕ್ಕೆ ಬಿಟ್ಟಿಲ್ಲ. ನನ್ನನ್ನ ಮೆಕ್ಯಾನಿಕ್ಕು ಅಂದ ಮೊದಲ್ನೇ ಮನುಷ್ಯ ನೀವು. ಇಂಥ ಅವಕಾಶ ಬಿಡಕ್ಕಾಗುತ್ತಾ?”

ದಾರ್ಕೊ ಬಾದುವನ್ನು ಕೂಗಲೆಂದು ಕಿಟಕಿಯತ್ತ ತಿರುಗಿದ. ಒಳಗೆ ಮಾವ ಬಾಯಿ ಚಪ್ಪರಿಸುತ್ತ ಹೇಳುತ್ತಿದ್ದ: “ತಪ್ಪು ಮಾಡಿದೋನ ಹೆಸರು ಮುಚ್ಚಿಡ್ದೆ ಹೇಳ್ದ ನೋಡು ನನ್ ಅಳಿಯ. ತೋಟ ನೋಡ್ಕೊಳ್ಳೋ ಯೋಗ್ಯತೆ ಇವನಿಗೇ ಇರೋದು. ನಾಳೆ ನಾನು ಮುಂದಿನ ಸೀಟಲ್ಲೇ ಕೂರೋದು.”

ದಾರ್ಕೊ ಕೂಗಲಿಲ್ಲ.

ಅಟೊಬ್ರಾ ಭಕ್ತಿಯಿಂದ ಮಂಡಿಯೂರಿ, ಎರಡೂ ಕೈಯಲ್ಲಿ ಸ್ಪ್ಯಾನರು ಹಿಡಿದು ಕೇಳಿದ: “ಅಣ್ಣಾ, ಈ ನಟ್ಟು ಬಿಚ್ಚಕ್ಕೆ ಯಾವ ಕಡೆ ತಿರುಗಿಸ್ಬೇಕು?”