ಆರು ಬೆರಳು ಇಳಿದ ನಾಗಭೂಷಣ

ಮೊಳಕಾಲ್ಮುರಿನ ನೇಕಾರ ನಾಗಭೂಷಣನ ಊಟವೆಲ್ಲ ಒಂದು ಕೆಂಪು ರೇಷ್ಮೆ ಎಳೆಯ ಮೇಲೆ ನಿಂತು ಒಂದೂವರೆ ತಿಂಗಳಾಗಿತ್ತು.

ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಬಾಣಲೆಯಿಂದ ಆಗತಾನೇ ಏಳುತ್ತಿದ್ದ ಮೆಣಸಿನಕಾಯಿ ಬಜ್ಜಿ ಕಂಡು, ಬಸ್ಸು ನಿಲ್ಲುವ ಮೊದಲೇ ಧುಮುಕಿದ್ದು ಇದಕ್ಕೆಲ್ಲ ಮೂಲ. ಬಜ್ಜಿ ಸಿಗಲಿಲ್ಲ, ಬಲಗಾಲಿನ ಕೀಲು ಮುರಿಯಿತು. ಪ್ಲಾಸ್ಟರ್ ಹಾಕಿದ ಡಾಕ್ಟರು, “ದಿನವಿಡೀ ಮಗ್ಗ ತುಳೀತಿದ್ದ ಕಾಲು ಈಗ ಸುಮ್ನೆ ಬಿದ್ದಿರುತ್ತೆ. ಊಟಾನೂ ಅದಕ್ಕೆ ತಕ್ಕಂಗೆ ಇಳಿಸಿ. ಮೊಟ್ಟೆ, ಕಾಳು, ಸೊಪ್ಪು ತಿನ್ನಿ. ಮುದ್ದೆ ಕಡಿಮೆ ಮಾಡಿ, ಕರಿದದ್ದು ಬಿಡಿ” ಅಂದರು. ಅವರು ಹೇಳಿದ್ದು ನಾಗಭೂಷಣನಿಗೆ. ಕಿವಿಗೊಟ್ಟು ಕೇಳಿದ್ದು ಅವನ ಹೆಂಡತಿ ನಿರ್ಮಲಾ.

ನಿರ್ಮಲಾ ಅಂಗನವಾಡಿ ಟೀಚರು. ನಲವತ್ತು ಮಕ್ಕಳ ಎತ್ತರ, ತೂಕ, ತೋಳಿನ ಸುತ್ತಳತೆ ಬರೆದಿಡುವವಳಿಗೆ ನಲವತ್ತೊಂದನೆಯ ಮಗು ಮನೆಯಲ್ಲೇ ಸಿಕ್ಕಿತು. ಒಂಟಿಕಾಲಿನ ಗಂಡ ತಕ್ಕಡಿ ಮೇಲೆ ನಿಲ್ಲಲಾರ. ಹಾಗಾಗಿ ಮಗ್ಗದ ಹಾಸಿನಲ್ಲಿ, ಅಂದರೆ ಉದ್ದೆಳೆಗಳಲ್ಲಿ, ಮಿಕ್ಕಿದ್ದ ಒಂದು ಕೆಂಪು ಎಳೆ ಹಿರಿದು ಅವನ ಹೊಟ್ಟೆಗೆ ಸುತ್ತಿದಳು, ತುದಿ ಮುಟ್ಟಿದ ಕಡೆ ಗಂಟು ಹಾಕಿದಳು, ಮೊಳೆಗೆ ತಗುಲಿಸಿದಳು. ದಿನಾ ಬೆಳಿಗ್ಗೆ ಅಳತೆ. ತುದಿ ಗಂಟಿಗೆ ಮುಟ್ಟಿದರೆ ಎರಡು ಮುದ್ದೆ, ಮುಟ್ಟದಿದ್ದರೆ ಒಂದೇ.

ಆದರೆ ಮೂಳೆ ಮುರಿದವನನ್ನು ನೋಡಲು ಬರಿಗೈಯಲ್ಲಿ ಯಾರು ಬರುತ್ತಾರೆ? ನಿರ್ಮಲಾ ಅಂಗನವಾಡಿಗೆ ಹೊರಟ ಕೂಡಲೇ ಎದುರುಮನೆ ಶಿವಬಸಮ್ಮನ ಶೇಂಗಾ ಹೋಳಿಗೆ ಬರುತ್ತಿತ್ತು. ಅದರ ಹಿಂದೆ ಪಕ್ಕದ ಮಗ್ಗದ ಮುತ್ತುರಾಜನ ಮನೆಯ ಕಾಲು ಸೂಪು. ಇವೆರಡರ ನಡುವೆ ಅವ್ವ ಕೊಲ್ಲಾಪುರಮ್ಮ ಸೆರಗಿನಲ್ಲಿ ಮುಚ್ಚಿ ತರುವ ತುಪ್ಪದ ಬಟ್ಟಲು. ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ, ನಾಗಭೂಷಣ ಯಾರ ಮನಸ್ಸನ್ನೂ ನೋಯಿಸುವವನಲ್ಲ. ಮೂರನೇ ವಾರಕ್ಕೆ ದಾರ ಎರಡು ಬೆರಳು ಸಾಲದೆ ಹೋಯಿತು.

ಎರಡು ದಿನ ಒಂದೇ ಮುದ್ದೆ ಉಂಡ ನಾಗಭೂಷಣ ಮೂರನೇ ದಿನ ನೇಕಾರನಾದ. ಕಡಿದ ಎಳೆಯ ತುದಿಗಳಿಗೆ ಚಿಟಿಕೆ ಬೂದಿ ಹಚ್ಚಿ ಬೆರಳಲ್ಲಿ ಹೊಸೆದರೆ ಸಾಕು, ಬೆಸೆದ ಜಾಗ ದೇವರಿಗೂ ಕಾಣುವುದಿಲ್ಲ. ಹತ್ತನೇ ವಯಸ್ಸಿಗೇ ಅವ್ವ ಅವನಿಗೆ ಆ ವಿದ್ಯೆ ಕಲಿಸಿದ್ದಳು. ದಾರದ ನಡುವೆ ಕತ್ತರಿಸಿ ನಾಲ್ಕು ಬೆರಳು ಎಳೆ ಸೇರಿಸಿ ಬೆಸೆದ. ನಿರ್ಮಲಾ ತಳಕಿನ ಕಡೆ ಶೇಂಗಾ ಬೆಳೆಯುವವರ ಮಗಳು, ಅವಳಿಗೆ ಇದೆಲ್ಲಿ ತಿಳಿಯಬೇಕು.

ಹೀಗೆ ದಿನ ಕಳೆದು ಪ್ಲಾಸ್ಟರ್ ಬಿಚ್ಚುವ ಹೊತ್ತು ಬಂತು. ಅವ್ವನ ಜೊತೆ ಚಳ್ಳಕೆರೆಗೆ ಹೋಗಿ ಬಿಚ್ಚಿಸಿಕೊಂಡು ಬಂದ ಮಾರನೆಯ ಬೆಳಿಗ್ಗೆ ನಿರ್ಮಲಾ ಕೊನೆಯ ಅಳತೆ ತೆಗೆದಳು. ದಾರ ಹೊಟ್ಟೆ ಸುತ್ತಿ ಗಂಟನ್ನೂ ದಾಟಿತು. ದಿನಾ ಮುಟ್ಟಿತೇ ಎಂದಷ್ಟೇ ನೋಡಿ ಬಿಡುತ್ತಿದ್ದವಳು ಈ ಸಲ ದಾಟಿದ್ದನ್ನು ಬೆರಳಿಟ್ಟು ಎಣಿಸಿದಳು.

“ಆರು ಬೆರಳು ಇಳಿದೀರ ಕಣ್ರೀ,” ಅಂದಳು. ಅವಳ ಕಣ್ಣಲ್ಲಿ ನೀರೇ ಬಂದಿತ್ತು. “ಮೊನ್ನೆ ಎಣಿಸ್ದಾಗ್ಲೂ ಆರೇ, ನಿಮಗೆ ಹೇಳಿರ್ಲಿಲ್ಲ. ನಾನು ಸುಮ್ಸುಮ್ನೆ ನಿಮ್ಮನ್ನ ಅನುಮಾನ ಪಟ್ಟೆ. ಇವತ್ತು ಮಗ್ಗಕ್ಕೆ ಕೂತ್ಕಳ್ರಿ. ಸಾಯಂಕಾಲ ಮಲ್ಲಿಕಾರ್ಜುನಪ್ಪೋರು ಬರ್ತಾರೆ.”

ಆರು ಹೇಗಾಯಿತು ಎಂದು ನಾಗಭೂಷಣನಿಗೂ ಆಶ್ಚರ್ಯವಾಯಿತು. ತಾನು ಮಾಡಿದ ಮೋಸಕ್ಕಿಂತ ಹೆಚ್ಚೇ ಇಳಿದಿದೆ. ಕದ್ದು ತಿಂದದ್ದು ತನ್ನ ಮೈಗೆ ಹತ್ತುವುದಿಲ್ಲ ಎಂದು ಅವನಿಗೆ ತನ್ನ ಮೇಲೇ ಹೆಮ್ಮೆಯಾಯಿತು.

ಮಲ್ಲಿಕಾರ್ಜುನಪ್ಪ ಅಂದರೆ ಸೀರೆ ಅಂಗಡಿ ಮಾಲೀಕ. ಮಗ್ಗದ ಮೇಲೆ ಅರ್ಧ ನೆಯ್ದು ನಿಂತಿದ್ದದ್ದು ಒಬ್ಬ ಮದುಮಗಳ ಸೀರೆ. ಇವತ್ತು ಸಂಜೆಯೊಳಗೆ ಕೂರದಿದ್ದರೆ ಹಾಸು ಕಿತ್ತು ಮುತ್ತುರಾಜನಿಗೆ ಕೊಡುತ್ತೇನೆಂದು ಆತ ಹೇಳಿಕಳಿಸಿದ್ದ. ತಾನು ಅರ್ಧ ನೆಯ್ದ ಸೀರೆಯನ್ನು ಇನ್ನೊಬ್ಬ ಮುಗಿಸುವುದಕ್ಕಿಂತ ಅವಮಾನ ನೇಕಾರನಿಗೆ ಬೇರೆ ಇಲ್ಲ.

ಹೆಂಡತಿ ಹೋದ ಮೇಲೆ ನಾಗಭೂಷಣ ಕುಂಟುತ್ತ ಒಳಕೋಣೆಗೆ ಹೋದ. ಅವನದು ಗುಂಡಿ ಮಗ್ಗ. ಕಾಲನ್ನು ಗುಂಡಿಗೆ ಇಳಿಬಿಟ್ಟು, ಬೆನ್ನನ್ನು ಗೋಡೆಗೆ ಕೊಟ್ಟು, ನೆಯ್ದ ಬಟ್ಟೆ ಸುತ್ತಿಕೊಳ್ಳುವ ಮರದ ದಿಂಡನ್ನು ಹೊಟ್ಟೆಯೆದುರು ಇಟ್ಟುಕೊಂಡು ಕೂರಬೇಕು. ಹಿಂದಿನ ಗೋಡೆಗೆ ಯಾರೋ ದಪ್ಪ ಕಂಬಳಿ ಇಳಿಬಿಟ್ಟಿದ್ದರು. ಬೆನ್ನಿಗೆ ಮೆತ್ತಗಿರಲೆಂದು ನಿರ್ಮಲಾ ಹಾಕಿರಬೇಕು ಅಂದುಕೊಂಡು ಕಾಲು ಇಳಿಬಿಟ್ಟ. ಕಾಲು ಹೋಯಿತು, ತೊಡೆ ಹೋಯಿತು. ಹೊಟ್ಟೆ ದಿಂಡಿನ ಮೇಲೆಯೇ ಕೂತಿತು.

ಉಸಿರು ಬಿಗಿಹಿಡಿದು ನೋಡಿದ, ಪಕ್ಕಕ್ಕೆ ತಿರುಗಿ ನೋಡಿದ, ಆಗಲಿಲ್ಲ. ಅವ್ವನನ್ನು ಕೂಗಿದ.

“ಊದ್ಕಂಡೈತೆ ನಾಯ್ನಾ, ಬರೀ ಗಾಳಿ,” ಅಂತ ಕೊಲ್ಲಾಪುರಮ್ಮ ಓಮಿನ ಕಾಳು ಅಗಿಯಲು ಕೊಟ್ಟಳು. ಅದರ ಖಾರ ಹೋಗಲೆಂದು ಒಂದು ಹೋಳಿಗೆಯನ್ನೂ ಕೊಟ್ಟಳು. ಅವನು ಅದನ್ನೂ ತಿಂದ.

ಅಷ್ಟರಲ್ಲಿ ಮುತ್ತುರಾಜ ಬಂದ. ಹಾಸು ತನ್ನ ಮನೆಗೆ ಬರುವುದೆಂದು ಬೆಳಿಗ್ಗೆಯೇ ಗುಂಡಿ ಗುಡಿಸಿಟ್ಟು ಬಂದಿದ್ದ. ಆದರೂ ಅವನ ಮುಖದ ತುಂಬ ಕನಿಕರ.

“ಏನ್ಲೇ ನಾಗ, ಮಗ್ಗ ಚಿಕ್ಕದಾಯ್ತಾ?”

“ಮಗ್ಗ ಎಲ್ಲಾರ ಚಿಕ್ಕದಾಗ್ತೈತೇನ್ಲೇ. ನಾನೇ ಹಾಳಾದೆ. ಒಸಿ ತಳ್ಳು.”

ಅವ್ವ ಸೀರೆ ಕೆಡದಂತೆ ದಿಂಡಿಗೆ ಟವೆಲು ಹೊದಿಸಿದಳು. ಮುತ್ತುರಾಜ ಭುಜದ ಮೇಲೆ ಕೈಯಿಟ್ಟು ಗೋಣಿಚೀಲಕ್ಕೆ ಶೇಂಗಾ ಒತ್ತುವ ಹಾಗೆ ಒತ್ತಿದ. ನಾಗಭೂಷಣ ದಬಕ್ಕನೆ ಕೂತ. ಕೂತಮೇಲೆ ಅವನಿಗೆ ಇಳಿಯಲೂ ಆಗಲಿಲ್ಲ, ಏಳಲೂ ಆಗಲಿಲ್ಲ. ಮಧ್ಯಾಹ್ನದ ಊಟ ಬಂದಾಗ, ಹುಟ್ಟಿದಮೇಲೆ ಮೊದಲ ಸಲ, ಬೇಡ ಅಂದ.

ಸಂಜೆ ಮಲ್ಲಿಕಾರ್ಜುನಪ್ಪ ಬಂದವನು ಬಾಗಿಲಲ್ಲೇ ನಿಂತು ಮೆಚ್ಚಿಕೊಂಡ. “ಮಾಲೀಕ ಬಂದ್ರೂ ಮಗ್ಗ ಬಿಟ್ಟು ಏಳ್ಲಿಲ್ಲ ನೋಡ್ರಿ. ಇದಪ್ಪ ಶ್ರದ್ಧೆ ಅಂದ್ರೆ.” ಚಳ್ಳಕೆರೆಯಿಂದ ತಂದಿದ್ದ ಬಿಸಿ ಮೆಣಸಿನಕಾಯಿ ಬಜ್ಜಿಯ ಪೊಟ್ಟಣವನ್ನು ಪಕ್ಕಕ್ಕಿಟ್ಟ. “ಎಲ್ಲಿ, ಎರಡು ಸಲ ಲಾಳಿ ಓಡ್ಸು.”

ನಾಗಭೂಷಣ ಲಾಳಿ ಓಡಿಸಿ, ಎಳೆಯನ್ನು ಬಟ್ಟೆಗೆ ಒತ್ತುವ ಹಲಗೆ ಎಳೆದ. ಹಲಗೆ ಬಟ್ಟೆಗೆ ಬಡಿಯುವ ಮೊದಲೇ ಹೊಟ್ಟೆಗೆ ಬಡಿದು ವಾಪಸು ಹೋಯಿತು. ಇನ್ನೊಂದು ಸಲ ಎಳೆದ, ಹಾಗೇ ಆಯಿತು. ಮುತ್ತುರಾಜ ಕೆಮ್ಮಿದ. ಅದೇ ಹೊತ್ತಿಗೆ ಬ್ಯಾಗು ಹಿಡಿದು ಒಳಗೆ ಬಂದ ನಿರ್ಮಲಾಳನ್ನು ಕಂಡದ್ದೇ ತಡ, ನಾಗಭೂಷಣ ಹಲಗೆ ಬಿಟ್ಟು ಕೈಮುಗಿದ.

“ನಿರ್ಮಲಾ, ನಾನು ಇಳಿದಿಲ್ಲ ಕಣೇ. ಹೋಳಿಗೆ, ಸೂಪು, ತುಪ್ಪ ಎಲ್ಲ ತಿಂದೆ. ದಾರಕ್ಕೆ ನಾಲ್ಕು ಬೆರಳು ಬೆಸೆದೆ. ಈಗ ಮಗ್ಗದಾಗೆ ಹಿಡಿಸ್ದಂಗೆ ಊದ್ಕಂಡೀನಿ.”

ನಿರ್ಮಲಾ ಸಿಟ್ಟಾಗಲಿಲ್ಲ. ಬೆರಳು ಮಡಚಿ ಲೆಕ್ಕ ಹಾಕಿದಳು. “ನೀವು ಬೆಸೆದಿದ್ದು ನಾಲ್ಕು. ಅಳತೆಗೆ ಬಂದಿದ್ದು ಆರು ಇಳಿತ. ತಿಂದಿದ್ರೆ ನಾಲ್ಕಕ್ಕಿಂತ ಕಮ್ಮಿ ಬರ್ಬೇಕಿತ್ತು. ಮಿಕ್ಕಿದ್ದು ಎಲ್ಲಿಂದ ಬಂತು?”

ಕೊಲ್ಲಾಪುರಮ್ಮ ಸೆರಗಿನ ತುದಿ ನೋಡುತ್ತ ನಿಂತಿದ್ದಳು. “ನಾನೂ ಒಂದು ನಾಲ್ಕು ಬೆರಳು ಬೆಸೆದಿದ್ದೆ ಕಣಮ್ಮ. ಮಗ ಒಂದೇ ಮುದ್ದೆ ಉಂಡು ಏಳೋದು ನೋಡಕ್ಕಾಗ್ಲಿಲ್ಲ.”

ಎಂಟು ಬೆಸೆದದ್ದು, ಅದರಲ್ಲಿ ಎರಡು ಹೊಟ್ಟೆಗೆ ಹೋಗಿ ಆರು ಉಳಿದದ್ದು. ನಿರ್ಮಲಾ ತಲೆ ಮೇಲೆ ಕೈಹೊತ್ತು ಕೂತಳು. “ಅಯ್ಯೋ, ಆರು ಬೆರಳು ಇಳಿದೀರ ಅಂತ ನಾನು ಮೊನ್ನೆಯಿಂದ ನಂಬ್ಕಂಡಿದ್ನಲ್ಲ. ಮಧ್ಯೆ ಜಾಗ ಖಾಲಿ ಉಳಿದ್ರೆ ಬೆನ್ನಿಗೆ ಆಸರೆ ಇರಲ್ಲ, ಕಾಲಿಗೆ ಭಾರ ಬೀಳ್ತೈತೆ ಅಂತ, ನಿನ್ನೆ ನೀವೂ ಅತ್ತೇನೂ ಚಳ್ಳಕೆರೆಗೆ ಹೋದಾಗ ಗಾರೆ ಮಾರುತೇಶನ್ನ ಕರೆಸಿ ಗೋಡೆ ಆರು ಬೆರಳು ಮುಂದಕ್ಕೆ ಕಟ್ಟಿಸ್ದೆ.” ಕಂಬಳಿ ಸರಿಸಿದಳು. ಹಿಂದೆ ಹೊಸ ಸಿಮೆಂಟು ಹಸಿಹಸಿಯಾಗಿ ಹೊಳೆಯಿತು.

ನಾಗಭೂಷಣನಿಗೆ ಹೋದ ಜೀವ ಬಂದಂತಾಯಿತು. ಉಬ್ಬಿದ್ದು ಎರಡೇ ಬೆರಳು, ತಪ್ಪೆಲ್ಲ ಗೋಡೆಯದು. “ಹಂಗಾದ್ರೆ ಒಡಿಸ್ರಿ,” ಅಂದ.

“ಎಲ್ಲಾರ ಉಂಟಾ?” ಅಂದ ಮಲ್ಲಿಕಾರ್ಜುನಪ್ಪ. “ಸುತ್ತಿಗೆ ಹಾಕಿದ್ರೆ ಹಾಸಿನ ಎಳೆ ಕಿತ್ತೋಗ್ತವೆ, ಧೂಳು ಸೀರೆಗೆ ಕೂರ್ತೈತೆ. ಸೀರೆ ಇಳಿಯೋಗಂಟ ಗೋಡೆ ಮುಟ್ಟಂಗಿಲ್ಲ. ಎಂಟು ದಿನ ಕೊಡ್ತೀನಿ. ಒಂದೋ ಇವನು ಹಿಡಿಸ್ಬೇಕು, ಇಲ್ಲ ಹಾಸು ಮುತ್ತುರಾಜಂದು.”

ಮೂವರು ಸೇರಿ ನಾಗಭೂಷಣನನ್ನು ಮೇಲಕ್ಕೆ ಎಳೆದರು. ಎಳೆದ ದಣಿವಿಗೆ ಮುತ್ತುರಾಜ ಬಜ್ಜಿಯ ಪೊಟ್ಟಣ ಬಿಚ್ಚಿ ಒಂದೊಂದಾಗಿ ತಿನ್ನತೊಡಗಿದ. ನಿರ್ಮಲಾ ಮೊಳೆಯಿಂದ ಕೆಂಪು ದಾರ ತೆಗೆದು ಒಲೆಗೆ ಹಾಕಿದಳು.

“ಇನ್ಮೇಲೆ ದಾರ ಬ್ಯಾಡ. ದಿನಾ ಬೆಳಿಗ್ಗೆ ಮಗ್ಗದಾಗೆ ಕೂರಿಸ್ತೀನಿ. ಹಲಗೆ ಬಟ್ಟೆಗೆ ಮುಟ್ಟಿದ್ರೆ ಮುದ್ದೆ, ಹೊಟ್ಟೆಗೆ ಮುಟ್ಟಿದ್ರೆ ಗಂಜಿ.”

ನಾಗಭೂಷಣ ಆಸೆಯಿಂದ ಅವ್ವನ ಕಡೆ ನೋಡಿದ. ಕೊಲ್ಲಾಪುರಮ್ಮ ಹೊಸ ಗೋಡೆಯನ್ನು ಬೆರಳಿನಿಂದ ಎರಡು ಸಲ ಸವರಿ ನೋಡಿ, ಮಗನ ಕಿವಿಯಲ್ಲಿ ಮೆಲ್ಲಗೆ ಅಂದಳು:

“ನಾಯ್ನಾ, ಸಿಮೆಂಟು ಬೆಸೆಯೋದು ನಂಗೆ ಬರಲ್ಲ.”